ಹನ್ನೊಂದನೆಯ ಡಬ್ಬಿ

ರೀ ಕೋಚ್ ಸಾಹೇಬರೆ,

ಡ್ಯೂಟಿಗೆ ಹೊರಟೆ, ನಿಮ್ಮನ್ನು ಎಬ್ಬಿಸಲು ಮನಸ್ಸಾಗಲಿಲ್ಲ.

ಇವತ್ತಿನ ಎದುರಾಳಿಗಳೆಂದು ವಾರದಿಂದ ಊಟದ ಟೇಬಲ್ ಮೇಲೆ ನಿಲ್ಲಿಸಿದ್ದೀರಲ್ಲ, ನನ್ನ ಮಸಾಲೆ ಡಬ್ಬಿಗಳು, ಅವನ್ನೊಮ್ಮೆ ಎಣಿಸಿ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹನ್ನೊಂದು ಜನ ಅಂತ ನನಗೆ ಕಲಿಸಿದವರು ನೀವೇ.

ಗುರುವಾರ ಸಾರಿಗೆಂದು ನಡುವಿನ ಖಾರದಪುಡಿ ಡಬ್ಬಿ ಒಯ್ದವಳು ವಾಪಸ್ ಇಡಲು ಮರೆತೆ. ಅವತ್ತಿನಿಂದ ನೀವು ಹುಬ್ಬಳ್ಳಿಯ ಅಣ್ಣನಿಗೂ ಫೋನ್ ಮಾಡಿ, “ನಡುವ ಪೂರಾ ಖಾಲಿ ಐತಿ, ಅಲ್ಲಿಂದನ ಬಾಲ್ ಒಯ್ಯೂದು” ಅಂತಿದ್ದೀರಿ.

ಈಗ ಡಬ್ಬಿ ಅದರ ಜಾಗದಲ್ಲಿದೆ. ಯಾವ ಪ್ಲೇ, ಅಂದರೆ ಯಾವ ತಂತ್ರ ಆಡಬೇಕೆಂದು ತಂಡಕ್ಕೆ ಇವತ್ತು ಮೊದಲ ಸಲ ಹೇಳುವವರು ನೀವು. ಮ್ಯಾಚ್‌ಗೆಂದು ಬ್ಲ್ಯಾಕ್‌ಟೌನ್ ಮೈದಾನಕ್ಕೆ ಹೊರಡುವ ಮೊದಲು ಪ್ಲಾನ್ ಬದಲಿಸಿ.

ಚೆನ್ನಾಗಿದೆ ಅಂತ ಎರಡು ಸಲ ಬಡಿಸಿಕೊಂಡಿರಲ್ಲ, ಗುರುವಾರದ ಸಾರು? ಅದರಲ್ಲಿದ್ದದ್ದು ಅವರ ಡಿಫೆಂಡರ್.

ಶ್ರೀದೇವಿ