ಚಿವುಟಿದ್ದು ಖರೇ, ಅತ್ತಿ

ನನ್ನ ಅತ್ತಿಯವರಿಗೆ ನಿಮ್ಮ ಹಿರೇ ಸೊಸಿಯ ಶರಣು. ಕ್ಷೇಮಸಮಾಚಾರ ಕೇಳೋದು ರೀತಿ. ಆದ್ರ ನೀವು ಹೋಗಿ ಹನ್ನೆರಡು ವರ್ಷ ಆತು, ಇನ್ನೇನು ಕ್ಷೇಮ ಕೇಳಲಿ? ಅಲ್ಲಿ ಸಾರಿಗಿ ಉಪ್ಪು ಕಮ್ಮಿ ಆದ್ರ ಯಾರಿಗೆ ಬೈತೀರೋ, ಖರೇ ಅಂದ್ರ ಅವರ ಕ್ಷೇಮ ಕೇಳಬೇಕು. ನಾಲ್ಕನೇ ಇಯತ್ತೆ ಕಲ್ತಾಕಿ ನಾನು, ಅಕ್ಷರ ಸೊಟ್ಟ ಅದಾವ, ಸಂಭಾಳಿಸಿಕೊಳ್ರಿ. ನಿಮಗ ಓದಾಕ ಬರದಿದ್ರ ಮಗ್ಗುಲದಾಗ ಇದ್ದವರ ಕಡಿಂದ ಜೋರಲೇ ಓದಿಸಿಕೊಳ್ರಿ. ನಾಕು ಮಂದಿ ಕೇಳಲಿ. ನನ್ನ ಮ್ಯಾಲಿನ ಮಾತೂ ನೀವು ನಾಕು ಮಂದಿ ಮುಂದನೇ ಆಡಿದ್ರಿ.

ಕಮಲಾಪುರದ ಮನ್ಯಾಗ ನಾವಿಬ್ಬರೂ ಮಗ್ಗುಲಕ್ಕ ಮಗ್ಗುಲ ಮಲಗ್ತಿದ್ದಿದ್ದು ನೆನಪದ ಏನು? ಗಂಡಸರು ಮಾಳಿಗಿ ಮ್ಯಾಲ, ನಾವು ನಡುಮನ್ಯಾಗ. ನಿಮ್ಮ ಗೊರಕಿ ಅಂದ್ರ ಹುಮನಾಬಾದ ರಸ್ತೆದಾಗ ಲಾರಿ ಏರು ಹತ್ತಿದಂಗ. ಅದಕ್ಕ ನಾ ಎಂದೂ ತಕರಾರು ಮಾಡಲಿಲ್ಲ. ನನ್ನ ತಕರಾರು ಆ ಲಾರಿ ನಡುವ ನಿಲ್ತಿತ್ತಲ್ಲ, ಅದಕ್ಕ. ಗೊರಕಿ ಬಂದ್, ಉಸುರೂ ಬಂದ್. ನಾ ಕತ್ತಲದಾಗ ಎದ್ದು ಕೂತು, ಬೆರಳ ಗೆಣ್ಣು ಹಿಡಿದು "ನಮಃ ಶಿವಾಯ, ನಮಃ ಶಿವಾಯ" ಅಂತ ಎಣಿಸ್ತಿದ್ದೆ. ಹನ್ನೊಂದಕ್ಕೂ ಉಸುರು ಬರದಿದ್ರ ರಟ್ಟಿ ಮೆತ್ತಗ ಇದ್ದಲ್ಲಿ ಹಿಡಿದು ಚಿವುಟ್ತಿದ್ದೆ. ನೀವು ಗಪ್ಪನೆ ಉಸುರು ಎಳಕೊಂಡು ಎದ್ದು ಕೂತು, "ಯಾಕ ಚಿವುಟಿದೀ?" ಅಂತಿದ್ರಿ.

"ನಿಮ್ಮ ಉಸುರು ನಿಂತಿತ್ತು ರೀ, ಅತ್ತಿ."

"ಉಸುರು ನಿಂತಿದ್ರ ಈಗ ನಿನ್ನ ಕೂಡ ಮಾತಾಡಾಕತ್ತಾಕಿ ಯಾರು, ದೆವ್ವ ಏನು?"

ವಕೀಲನ ಮನ್ಯಾಗ ಹುಟ್ಟಬೇಕಿತ್ತು ನೀವು.

ನಿಮ್ಮ ಮಗಳು ಗಂಗವ್ವ ಕುಸನೂರಿಂದ ಬಂದ ದಿನ ನೀವು ಕುಬಸದ ತೋಳು ಏರಿಸಿ ಹಸಿರುಗಟ್ಟಿದ ಕಲೆ ತೋರಿಸಿದ್ರಿ. ಓಣಿ ಹೆಣ್ಮಕ್ಕಳು ಎಲ್ಲಾರೂ ಇದ್ರು. "ಹಗಲೆಲ್ಲ ಬಾಯಿಲೆ ಚುಚ್ಚತಾಳ, ರಾತ್ರಿ ಕೈಲೆ" ಅಂದ್ರಿ. ಮೊದಲಿನ ಮಾತು ಖರೇನ ಇತ್ತು, ಅದಕ್ಕ ಎರಡನೇದ್ದೂ ಎಲ್ಲಾರೂ ನಂಬಿದ್ರು. ಗಂಗವ್ವ ನಿಮ್ಮನ್ನ ಕರಕೊಂಡು ನಡೆದ್ಲು. ಟೆಂಪೋ ಹತ್ತುವಾಗ ನೀವು ತಿರುಗಿ, "ಇನ್ನ ಮ್ಯಾಲರೆ ಸುಖದ ನಿದ್ದಿ ಮಾಡ್ತೀನಿ" ಅಂದ್ರಿ. ನಾಕು ತಿಂಗಳಿಗೆ ಒಂದು ಮುಂಜಾನೆ ನೀವು ಏಳಲೇ ಇಲ್ಲ. ಬಂದವರೆಲ್ಲ "ಪುಣ್ಯವಂತಿ, ನಿದ್ಯಾಗ ಹೋದ್ಲು" ಅಂದ್ರು. ನಾ ಒಬ್ಬಾಕಿ ಮೂಲ್ಯಾಗ ಕೂತು ಗೆಣ್ಣು ಹಿಡಕೊಂಡು... ಇರಲಿ. ಗಂಗವ್ವ ಅಂದಿನಿಂದ ನನ್ನ ಮನ್ಯಾಗ ತುತ್ತು ಉಂಡಿಲ್ಲ. ಲಗ್ನದಾಗ ಪಂಕ್ತಿಗೆ ಕೂತ್ರ, "ನಮ್ಮವ್ವನ ಚಿವುಟಿದಾಕಿ, ಜರಾ ದೂರ ಕೂಡ್ರಿ" ಅಂತಾಳ. ಹನ್ನೆರಡು ವರ್ಷ ದೂರ ಕೂತು ಉಂಡೀನಿ ಅತ್ತಿ.

ಈಗ ನಾವು ಕಲಬುರಗಿ ಶಹಾಬಜಾರದಾಗ ಇದ್ದೀವಿ. ಮ್ಯಾಲಿನ ಖೋಲಿಗೆ ಹೋದ ವರ್ಷ ಒಬ್ಬಾಕಿ ಡಾಕ್ಟರ್ ಬಾಯಿ ಬಾಡಿಗಿಗೆ ಬಂದ್ಲು, ಬೆಂಗಳೂರ ಕಡಿಯಾಕಿ. ಗುಳಿಗಿ ಕೊಡಂಗಿಲ್ಲ, ಸೂಜಿ ಹಾಕಂಗಿಲ್ಲ, ಇದೆಂಥ ಡಾಕ್ಟರ್ ಅಂತ ಕೇಳಿದೆ. "ನಾನು ಉಸಿರಾಟದ ಸಂಶೋಧನೆ ಮಾಡ್ತೀನಿ ಅಮ್ಮಾ. ಮೈ ದಣಿದಾಗ ಉಸಿರು ಹೇಗಿರುತ್ತೆ, ನಿದ್ದೇಲಿ ಹೇಗಿರುತ್ತೆ ಅಂತ" ಅಂದ್ಲು. "ಅದರಾಗ ನೋಡೋದೇನದ? ಇದ್ರ ಮನ್ಯಾಗ ಇರಬೇಕು, ಇಲ್ಲಂದ್ರ ಮಣ್ಣಿಗೆ ಹೋಗಬೇಕು" ಅಂದೆ. ನಕ್ಕು, "ಹೊಲದಲ್ಲಿ ದುಡಿದ ಹೆಂಗಸರು ಬೇಕಾಗಿದ್ದಾರೆ, ನೀವು ಬರ್ತೀರಾ?" ಅಂತ ಕೇಳಿದ್ಲು. ನನ್ನ ಸೊಸಿ ಶಾಂತಾ ನನಕಿಂತ ಮೊದಲ "ಬರ್ತಾರ್ರಿ" ಅಂದ್ಲು. ಒಂದು ದಿನ ಮನಿ ತಣ್ಣಗಿರ್ತದಂತ ಆಕಿ ಆಸೆ.

ಮೊದಲಿನ ದಿನ ಆಕಿ ಕೆಲಸ ಮಾಡೋ ದವಾಖಾನ್ಯಾಗ ನನ್ನನ್ನ ಸೈಕಲ್ ಮ್ಯಾಲ ಕೂಡ್ಸಿದ್ರು. ನಗಬ್ಯಾಡ್ರಿ. ಸೀರಿ ಕಚ್ಚಿ ಹಾಕಿ ಕೂತೆ. ಬಾಯಿಗೆ ಎತ್ತಿನ ಬಾಯಿಗೆ ಕಟ್ಟಿದಂಗ ಒಂದು ಕುಕ್ಕಿ, ಅದಕ್ಕೊಂದು ಕೊಳವಿ. ಮಾತಾಡಬಾರದಂತ! ನನ್ನ ಕೂಡ ಬಂದಿದ್ದ ಶಾಂತಾನ ಮಾರಿ ಮ್ಯಾಲಿನ ಸಂತೋಷ ನೋಡಬೇಕಿತ್ತು ನೀವು. ತುಳಿದೆ, ತುಳಿದೆ, ಸೈಕಲ್ ಗೇಣು ಮುಂದ ಹೋಗಲಿಲ್ಲ. ಅಷ್ಟು ರಸ್ತೆದಾಗ ತುಳಿದಿದ್ರ ಕಮಲಾಪುರಕ್ಕ ಹೋಗಿ ಕೆಂಪು ಬಾಳೆಹಣ್ಣು ತಗೊಂಡು ಬರ್ತಿದ್ದೆ. ಡಾಕ್ಟರ್ ಬಾಯಿ, "ಇಷ್ಟು ವಯಸ್ಸಿಗೆ ಒಳ್ಳೇ ಉಸಿರು ಅಮ್ಮಾ" ಅಂದ್ಲು. "ಅತ್ತಿ ಕೂಡ ವಾದ ಮಾಡಿ ಬೆಳಸಿದ್ದು" ಅಂದೆ.

ಎರಡನೇ ದಿನ ಊಟ ಆದ ಮ್ಯಾಲ "ಮಲಗಿ ಅಮ್ಮಾ" ಅಂದ್ರು. ಲಗ್ನ ಆಗಿ ಬಂದಾಗಿಂದ ಹಗಲೊತ್ತು ಮಲಕೋ ಅಂತ ನನಗ ಯಾರರೆ ಅಂದಿದ್ರ? ಎದಿಗೆ ಪಟ್ಟಿ, ಮೂಗಿನ ಕೆಳಗ ತಂತಿ, ಬೆರಳಿಗೆ ಚಿಮಟಾ. ಆದ್ರೂ ನಿದ್ದಿ ಹತ್ತಿತು. ಎದ್ದ ಮ್ಯಾಲ ಡಾಕ್ಟರ್ ಬಾಯಿ ಉದ್ದನ್ನ ಕಾಗದ ಬಿಚ್ಚಿದ್ಲು. ಪೆನ್ನಿನ ಗೆರಿ ಏರೋದು, ಇಳಿಯೋದು, ಏರೋದು, ಇಳಿಯೋದು. ಆಮ್ಯಾಲ ಒಂದು ಕಡಿ ಸಪಾಟ.

"ಇಲ್ಲಿ ಉಸಿರು ನಿಂತಿದೆ ನೋಡಿ."

"ಯಾರದು ಪಾಪ?"

"ನಿಮ್ಮದೇ ಅಮ್ಮಾ."

"ನಿಮ್ಮ ಮಷೀನ್ ಕೆಟ್ಟದ. ಉಸುರು ನಿಂತಿದ್ರ ನಾ ನಿಮ್ಮ ಕೂಡ ಹೆಂಗ..." ಅಂದಾಕಿ ಅಲ್ಲೇ ತಡೆದೆ ಅತ್ತಿ. ನನ್ನ ಬಾಯಾಗ ನಿಮ್ಮ ಮಾತು ಬಂದಿತ್ತು.

ಶಾಂತಾ ಸೆರಗು ಬಾಯಿಗೆ ಹಿಡಿದು, "ಎರಡು ವರ್ಷದಿಂದ ನಾ ಹೇಳಾಕತ್ತೀನಿ ರೀ ಅತ್ತಿ, ನೀವು ನನಗ ಹುಚ್ಚಿ ಅಂತೀರಿ" ಅಂದ್ಲು. ಡಾಕ್ಟರ್ ಬಾಯಿ ಹೇಳಿದ್ಲು, ಮಲಗಿದವರಿಗೆ ಇದು ಗೊತ್ತೇ ಆಗಂಗಿಲ್ಲಂತ. ಮಗ್ಗುಲದಾಗ ಇದ್ದವರು ಹೇಳಬೇಕಂತ.

ಆಗ ನಿಮ್ಮ ಕತಿ ಪೂರ್ತಿ ಹೇಳಿದೆ. ಆಕಿ ಓಟದ ಪಂದ್ಯದಾಗ ಹಿಡೀತಾರಲ್ಲ, ಆ ಗಡಿಯಾರ ತಗದು, "ಆಗ ಎಣಿಸಿದ ಹಾಗೇ ಈಗ ಎಣಿಸಿ" ಅಂದ್ಲು. "ಯಾವ ದಿನದ್ದು ಎಣಿಸಲಿ? ಅತ್ತಿ ಬೈದ ದಿನ ಜರಾ ಸಾವಕಾಶ ಎಣಿಸ್ತಿದ್ದೆ" ಅಂದೆ. ನಕ್ಕೂ ನಕ್ಕೂ ಆಕಿ ಗಡಿಯಾರ ಕೆಳಗ ಬಿತ್ತು. ಸಾವಕಾಶ ಹನ್ನೊಂದು ಎಣಿಸೋದ್ರಾಗ ಅರ್ಧ ನಿಮಿಷದ ಹತ್ರ ಬಂತು. ಆಕಿ ನಗೋದು ನಿಲ್ಲಿಸಿ ಬರಕೊಂಡ್ಲು.

"ನಾ ಅಲ್ಲಿ ಇದ್ದಿದ್ರ, ಆ ಮುಂಜಾನೆ ಅತ್ತಿ..." ಅಂತ ಕೇಳಿದೆ. "ಗೊತ್ತಿಲ್ಲ ಅಮ್ಮಾ. ವಯಸ್ಸಾಗಿತ್ತು, ಹೃದಯ ಹೇಗಿತ್ತೋ. ಚಿವುಟೋದು ಔಷಧಿ ಅಲ್ಲ. ಆದ್ರೆ ನೀವು ನೋಡಿದ್ದು ನಿಜ" ಅಂದ್ಲು. ಸುಳ್ಳು ಸಮಾಧಾನ ಹೇಳಲಿಲ್ಲ, ಅದಕ್ಕ ಆಕಿ ಮ್ಯಾಲ ನನಗ ಭರವಸೆ ಬಂತು.

ಅತ್ತಿ, ಇಷ್ಟು ವರ್ಷ ನೀವು ಬೇಕಂತಲೇ ನನ್ನ ಹೆಸರು ಕೆಡಿಸಿದ್ರಿ ಅಂದುಕೊಂಡಿದ್ದೆ. ನಿಮಗ ಗೊತ್ತಿದ್ದದ್ದು ಚಿವುಟಿದ ಮ್ಯಾಲಿಂದಷ್ಟ. ಅದಕ್ಕಿಂತ ಮೊದಲಿಂದು ನನಗಷ್ಟ ಗೊತ್ತಿತ್ತು. ಇಬ್ಬರೂ ಖರೇನ ಹೇಳಿದ್ವಿ, ಇಬ್ಬರೂ ಜಗಳಾಡಿದ್ವಿ.

ಹೋದ ಸೋಮವಾರ ಕಾಗದ ಸುರುಳಿ ಸುತ್ತಿಕೊಂಡು ಕುಸನೂರಿಗೆ ಹೋದೆ. ಉಸುರು ನಿಂತದ್ದು, ನಾ ಎಣಿಸಿದ್ದು, ಎಲ್ಲಾ ಹೇಳಿದೆ; ಗಂಗವ್ವ ಬಾಗಿಲದಾಗೇ ನಿಂತು ಕೇಳಿದ್ಲು. ಗೆರಿ ನೋಡಿ, "ಕಾಗದದ ಮ್ಯಾಲ ಯಾರರೆ ಏನರೆ ಗೀಚತಾರ" ಅಂದ್ಲು. ನಿಮ್ಮ ಮಗಳೇ ಖರೇ. ಆಮ್ಯಾಲ ಒಳಗ ಹೋಗಿ ಚಾಪಿ ಹಾಸಿದ್ಲು. "ಮಲಕೋ ವೈನಿ. ನಾನೇ ಕೂತು ನೋಡ್ತೀನಿ."

ಆಕಿ ಮನ್ಯಾಗ ರೊಟ್ಟಿ ಪುಂಡಿಪಲ್ಯ ಉಂಡು ಮಲಗಿದೆ. ದಣಿದಿದ್ದೆ, ಗಪ್ಪನೆ ನಿದ್ದಿ. ರಟ್ಟಿಗೆ ಚುರ್ ಅಂದು ಎಚ್ಚರಾಗಿ ಕಣ್ಣು ತೆರೆದ್ರ, ಗಂಗವ್ವ ನನ್ನ ಮ್ಯಾಲ ಬಾಗಿದ್ಲು, ಮಾರಿ ಬೆಳ್ಳಗ ಸುಣ್ಣ ಆಗಿತ್ತು.

"ಯಾಕ ಚಿವುಟಿದೀ ಗಂಗವ್ವ?"

"ಐದರ ತನಕ ಎಣಿಸಿದೆ ವೈನಿ. ಮುಂದ ಎಣಿಸಾಕ ಧೈರ್ಯ ಆಗಲಿಲ್ಲ" ಅಂದ್ಲು. ಹಂಗೇ ಕೂತು ಭಾಳ ಹೊತ್ತು ಅತ್ಲು, "ಅವ್ವಾ, ಅವ್ವಾ" ಅಂತ. ನನ್ನ ರಟ್ಟಿ ಇನ್ನೂ ಹಸಿರದ ಅತ್ತಿ. ನಿಮ್ಮ ಮಗಳ ಉಗುರು ನನ್ನವುಕಿಂತ ಚೂಪ ಅದಾವ.