ಗೋಡೆಯ ಕಂಡಿ

ಮ್ಯಾಡ್ರಿಡ್, ಮೇ ೩, ೧೯೩೧

ಪ್ರೀತಿಯ ತಮ್ಮ ಫೆರ್ಮಿನ್,

ಹೇಗಿದ್ದೀಯೋ? ಬ್ಯೂನಸ್ ಐರಿಸ್‌ನಲ್ಲಿ ಈಗ ಚಳಿ ಶುರುವಂತೆ, ಕೆಮ್ಮು ಮರುಕಳಿಸಿಲ್ಲ ತಾನೆ? ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಇನ್ನೂ ಜೋರಾಗಿದೆ. ಊಟಕ್ಕೆ ಕೂತಾಗಲೆಲ್ಲ ನಿನ್ನ ಹೆಸರೆತ್ತುತ್ತಾಳೆ. ಬಾ ಎಂದು ಬರೆಯೋಣವೆಂದರೆ ಇಷ್ಟು ದಿನ ನಿನ್ನನ್ನು ಹಿಡಿದು ಜೈಲಿಗೆ ಹಾಕಿಯಾರೆಂಬ ಭಯ.

ಆದರೆ ಗೆದ್ದೆವು ಕಣೋ! ರಾಜ ದೇಶ ಬಿಟ್ಟದ್ದನ್ನು ಪತ್ರಿಕೆಯಲ್ಲಿ ಓದಿರುತ್ತೀಯ. ಈಗ ಕಾಸಾ ದೆ ಕಾಂಪೊ ನಮ್ಮದು! ಮುನ್ನೂರೈವತ್ತು ವರ್ಷ ಅರಸರು ಬೇಟೆಯಾಡಿದ ಕಾಡು, ಆ ಕೆರೆ, ಆ ಓಕ್ ಮರಗಳು, ಎಲ್ಲ ಈಗ ಊರಿನವರ ಉದ್ಯಾನ. ಮೊನ್ನೆ ಮೇ ಒಂದರಂದು ದೊಡ್ಡ ಬಾಗಿಲು ತೆರೆದರು. ಆಲೂಗಡ್ಡೆ ಆಮ್ಲೆಟ್ ಕಟ್ಟಿಕೊಂಡು ಇಡೀ ಊರೇ ನದಿ ದಾಟಿತು. ಬಟ್ಟೆ ಒಗೆಯುತ್ತಿದ್ದ ನಾವೂ ಎಲ್ಲ ಅಲ್ಲಲ್ಲೇ ಬಿಟ್ಟು, ಬುತ್ತಿ ಮಾತ್ರ ಎತ್ತಿಕೊಂಡು ಓಡಿದೆವು. ಮೊಲಗಳು ಪಾಪ, ಹೆದರಿ ಬಿಲ ಸೇರಿದ್ದವು.

ಒಳಗೆ ಹೋಗಿ ತಿರುಗಿ ನೋಡಿದರೆ ಅಮ್ಮ ಇಲ್ಲ! ಹುಡುಕಿದರೆ, ಹಿಂದೆಲ್ಲ ಕದ್ದು ಒಳಹೋಗುತ್ತಿದ್ದ ಗೋಡೆಯ ಹಳೇ ಕಂಡಿಯಿಂದಲೇ ನುಸುಳಿ ಬಂದು, ಮುಳ್ಳುಸೊಪ್ಪಿನ ಎಳೆ ಕುಡಿ ಕಿತ್ತು ಉಡಿ ತುಂಬಿಕೊಳ್ಳುತ್ತಿದ್ದಾಳೆ! ಅಷ್ಟರಲ್ಲಿ ಸೀಟಿ ಕೇಳಿಸಿತು. ನೋಡಿದರೆ ಕುದುರೆಯ ಮೇಲೆ ಅದೇ ಕಾವಲುಗಾರ ಕಯೆತಾನೊ. ಏಳು ವರ್ಷದ ಹಿಂದೆ ಅಮ್ಮನ ಉಡಿಯಿಂದ ಓಕ್ ಕಾಯಿ ಕಸಿದನೆಂದು ನೀನು ಕಲ್ಲು ಬೀಸಿ ಕುದುರೆಯಿಂದ ಕೆಡವಿ, ಆವತ್ತೇ ಊರು ಬಿಟ್ಟೆಯಲ್ಲ, ಅವನೇ. ಹಣೆಯ ಕಲೆ ಇನ್ನೂ ಹೋಗಿಲ್ಲ.

ಅಮ್ಮ ಗಾಬರಿಯಲ್ಲಿ ಉಡಿ ಮುಚ್ಚಿಕೊಂಡಳು. ಮರುಕ್ಷಣವೇ ಸೊಂಟಕ್ಕೆ ಕೈಯಿಟ್ಟು, "ಯಾರಿಗಯ್ಯಾ ಸೀಟಿ ಊದ್ತೀಯ? ತೋಟ ಈಗ ನಂದು! ಇಳಿ ಕೆಳಗೆ!" ಅಂದಳು. ಇಳಿದೇಬಿಟ್ಟ ಕಣೋ! ಟೋಪಿ ತೆಗೆದು, "ಹಳೇ ಚಾಳಿ ಕಣಮ್ಮ, ತಪ್ಪಾಯ್ತು" ಅಂದ. ಸುತ್ತಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ಅಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ, ಅವನಿಗೂ ಆಮ್ಲೆಟ್ ಕೊಟ್ಟಳು. ನನ್ನದಕ್ಕಿಂತ ದೊಡ್ಡ ತುಂಡು!

ಅಮ್ಮನ ಆಶೀರ್ವಾದವನ್ನೂ ನನ್ನ ಎರಡು ಗುದ್ದನ್ನೂ ತಗೋ.

ನಿನ್ನ ಅಕ್ಕ,
ರೆಮೆದಿಯೊಸ್

ತಾ.ಕ.: ಲಕೋಟೆ ಅಂಟಿಸಲು ಹೊರಟಿದ್ದೆ, ಮುಖ್ಯ ಮಾತೇ ಬಿಟ್ಟಿದ್ದೆ ನೋಡು! ನಿನ್ನ ಮೇಲೆ ದೂರೇ ಇಲ್ಲವಂತೆ! ಕಯೆತಾನೊ ತಿನ್ನುತ್ತಲೇ ಬಾಯಿಬಿಟ್ಟ: "ಬಟ್ಟೆ ಒಗೆಯೋಳ ಮಗ ಕೆಡವಿದ ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಕಿತ್ತು? ಕುದುರೆ ಕೆಡವ್ತು ಅಂತ ಬರೆಸ್ದೆ." ಏಳು ವರ್ಷ ನಾವು ಅತ್ತದ್ದು ಸಾಕು, ಹೊರಡು. ಓಕ್ ಕಾಯಿ ಉದುರುವ ಹೊತ್ತಿಗೆ ಇಲ್ಲಿರಬೇಕು. ಮೊನ್ನೆ ವಾಪಸು ಬರುವಾಗಲೂ ಅಮ್ಮ ಕಂಡಿಯಿಂದಲೇ ನುಸುಳಿದಳು. ದೊಡ್ಡ ಬಾಗಿಲಲ್ಲಿ ಕಾಲಿಟ್ಟರೆ ನಿನ್ನ ಕೈ ಹಿಡಿದೇ ಅಂತೆ.