ವೈಜನಾಥನ ಮನೆಯ ಸಣ್ಣ ಪುಸ್ತಕಗಳು

ಲಿಂಗಂಪಲ್ಲಿ, ಹೈದರಾಬಾದ್
೯ ಜುಲೈ ೨೦೦೬

ಪ್ರೀತಿಯ ವಿಶಾಲಾಕ್ಷಿಗೆ,

ನಿನ್ನ ಸೊಂಟನೋವು ಹೇಗಿದೆ? ನಿಮ್ಮ ಅಕ್ಕ ಸುಗಲಮ್ಮನವರು ಮಂಡಿ ಆಪರೇಷನ್ ಆದಮೇಲೆ ಕೋಲು ಹಿಡಿದು ಓಡಾಡುತ್ತಿದ್ದಾರೆಂದು ತಿಳಿದು ಸಮಾಧಾನವಾಯಿತು. ಅವರನ್ನು ಎಬ್ಬಿಸಿ ನಡೆಸುವ ಭರದಲ್ಲಿ ನೀನು ಹಾಸಿಗೆ ಹಿಡಿಯಬೇಡ. ರಾಯಚೂರಿನ ಸೆಕೆಗೆ ಮಜ್ಜಿಗೆ ತಪ್ಪಿಸಬೇಡ. ಇಲ್ಲಿ ಮಗ, ಸೊಸೆ ಇಬ್ಬರೂ ಬೆಳಿಗ್ಗೆ ಕಂಪನಿಯ ಕ್ಯಾಬ್ ಹತ್ತಿದರೆ ಮರಳುವುದು ಕತ್ತಲಾದಮೇಲೆ. ಶಾಲೆ ಬಿಟ್ಟಮೇಲೆ ಮೊಮ್ಮಗಳು ಲಹರಿ ನನ್ನ ಪಾಲಿಗೆ. ಮುಂದಿನದನ್ನು ರಾತ್ರಿಯ ಫೋನಿನಲ್ಲಿ ಹೇಳುವಂತಿಲ್ಲ, ಸೊಸೆ ಕೇಳಿಸಿಕೊಂಡರೆ ನಗುತ್ತಾಳೆ.

ಲಹರಿಗೆ ಕನ್ನಡ ಓದಲು ಕಲಿಸಿರಿ ಎಂದು ಹೇಳಿ ನೀನು ರೈಲು ಹತ್ತಿದೆಯಲ್ಲ, ಅಂದಿನಿಂದಲೇ ದಿನಾ ಸಂಜೆ ಪೇಪರ್ ಹರಡಿಕೊಂಡು ಕೂರಿಸಿದೆ. ಐದು ವರ್ಷದ ಮಗು ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತಿತ್ತು, ನಾನು ಗದರುತ್ತಿದ್ದೆ. “ಅಜ್ಜಾ, ಇದರಾಗ ಕಥಿ ಎಲ್ಲೈತಿ?” ಎಂದು ಕೇಳಿದಳು. ಕೆಲವು ದಿನಗಳಲ್ಲಿ ಪೇಪರ್ ಕಂಡರೇ ಎದುರು ಫ್ಲ್ಯಾಟಿಗೆ ಓಡತೊಡಗಿದಳು. ಅಲ್ಲಿ ವೈಜನಾಥ. ಫ್ಯಾಕ್ಟರಿಯಲ್ಲಿ ನನ್ನ ಜೊತೆಗೇ ಸೇರಿ ನನಗಿಂತ ಮೊದಲು ಫೋರ್‌ಮನ್ ಆದವನು, ನಿವೃತ್ತನಾದಮೇಲೂ ನನ್ನ ಬಾಗಿಲೆದುರಿಗೇ ಮನೆ ಕೊಂಡವನು. ಅವನ ಹತ್ತಿರ ತನ್ನ ಮೊಮ್ಮಗಳು ಓದಿ ಬಿಟ್ಟ ಸಣ್ಣ ಪುಸ್ತಕಗಳಿವೆ. ಪುಟಕ್ಕೊಂದು ಚಿತ್ರ, ಕೆಳಗೆ ಒಂದೇ ಸಾಲು.

ಒಂದು ಸಂಜೆ ಅವಳನ್ನು ಕರೆಯಲು ಹೋಗಿ ಬಾಗಿಲಲ್ಲೇ ನಿಂತೆ. ಮಗು ಒಂದು ಪದಕ್ಕೆ ತಡೆದಿತ್ತು. ಅವನು ಗದರಲಿಲ್ಲ, ತಾನೂ ಹೇಳಿಕೊಡಲಿಲ್ಲ. “ಚಿತ್ರ ನೋಡವ್ವ. ಕರು ಏನ್ ಮಾಡಾಕತ್ತೈತಿ?” ಎಂದ. “ಓಡಾಕತ್ತೈತಿ” ಎಂದಳು. “ಹಂಗಾರ ಇಲ್ಲಿ ಏನ್ ಬರದಿರಬೇಕು?” ಲಹರಿ ಬೆರಳಿಟ್ಟು, ತುಟಿ ಅಲ್ಲಾಡಿಸಿ, “ಕರು ಓಡಿತು” ಎಂದು ಓದಿಯೇಬಿಟ್ಟಳು. ನಾನು ಹಿಗ್ಗಬೇಕಿತ್ತು. ಆದರೆ ಊಟದ ಹೊತ್ತಾಯಿತೆಂದು ಅವಳನ್ನು ಎಬ್ಬಿಸಿಕೊಂಡು ಬಂದುಬಿಟ್ಟೆ. ನಮ್ಮ ಕೂಸಿನ ಮೊದಲ ಓದು ಅವನ ಸೋಫಾದ ಮೇಲೆ ಆಗಿಹೋಯಿತಲ್ಲ ವಿಶಾಲಾಕ್ಷಿ.

ಮರುದಿನವೇ ಕೋಠಿ ಪೇಟೆಯ ಪುಸ್ತಕದಂಗಡಿಗೆ ಹೋಗಿ ಅಲ್ಲಿದ್ದ ಎಲ್ಲಕ್ಕಿಂತ ದಪ್ಪನೆಯ ಬಣ್ಣದ ಕನ್ನಡ ಪುಸ್ತಕ ತಂದೆ. ಎರಡು ಪುಟ ತಿರುವಿ, “ಭಾಳ ಅಕ್ಷರ ಅದಾವಜ್ಜ” ಎಂದು ಕೆಳಗಿಟ್ಟಳು. ಆಮೇಲೆ ಅದರ ಮೇಲೆ ನಿಂತು ಬಿಸ್ಕತ್ತಿನ ಡಬ್ಬಿ ಇಳಿಸಿಕೊಂಡಳು.

ಕೊನೆಗೆ ಹಳೆಯ ಕ್ಯಾಲೆಂಡರ್ ಕತ್ತರಿಸಿ, ಹಿಂಬದಿಯಲ್ಲಿ ನಾನೇ ಒಂದು ಪುಸ್ತಕ ಬರೆದೆ. ಈ ಬೇಸಿಗೆಯಲ್ಲಿ ಕೂಲರಿನೊಳಗೆ ಪಾರಿವಾಳ ಮೊಟ್ಟೆ ಇಟ್ಟಿತೆಂದು ನೀನು ಅದನ್ನು ಹಚ್ಚಲು ಬಿಡಲಿಲ್ಲವಲ್ಲ, ಅದೇ ಕಥೆ. ನನ್ನ ಪಾರಿವಾಳ ತಂಬಿಗೆಯಂತೆ ಬಂದಿದೆ, ನೀನು ಮಾತ್ರ ಚೆನ್ನಾಗಿ ಬಂದಿದ್ದೀಯ. “ಪಾರಿವಾಳ ಬಂತು. ಮೊಟ್ಟೆ ಇಟ್ಟಿತು. ಅಜ್ಜಿ ಕೂಲರ್ ಹಾಕಲಿಲ್ಲ. ಅಜ್ಜ ಬೆವರಿದ.” ಲಹರಿ ನನ್ನ ತೊಡೆಯ ಮೇಲೆ ಕೂತು ಒಂದೊಂದೇ ಸಾಲು ಓದಿದಳು. ತಡೆದಾಗ ನಾನು ಹಲ್ಲು ಕಚ್ಚಿ ಸುಮ್ಮನಿದ್ದೆ. ಅಜ್ಜ ಬೆವರಿದ್ದಕ್ಕೆ ಬಿದ್ದು ಬಿದ್ದು ನಕ್ಕಳು. ಮರಿ ಹಾರಿಹೋಗುವ ಕೊನೆಯ ಪುಟದವರೆಗೂ ತಾನೇ ಓದಿದಳು. ನನ್ನ ಕಣ್ಣು ಒದ್ದೆಯಾಯಿತು. ಒರೆಸಿಕೊಳ್ಳುವಷ್ಟರಲ್ಲಿ ಪುಸ್ತಕ ಎತ್ತಿಕೊಂಡು ಎದುರು ಮನೆಗೆ ಓಡಿದಳು, ವೈಜನಾಥನಿಗೆ ಓದಿ ತೋರಿಸಲು.

ಆಮೇಲೆ ಅವನೇ ಬಂದ. “ಬಸಣ್ಣ, ಛಲೋ ಮಾಡೀಯಪಾ. ನಮ್ಮ ಮೊಮ್ಮಗಳಿಗೂ ಒಂದು ಬರದುಕೊಡು” ಎಂದ. ಮನಸಾರೆ ಹೇಳಿದ ಮಾತೇ ಅದು. ನಾನು ನೋಡೋಣ ಎಂದೆ. ಚಹಾ ಮಾಡಿಕೊಟ್ಟೆ, ಆದರೆ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ.

ಅಕ್ಕನವರಿಗೆ ನನ್ನ ಶರಣು ಹೇಳು. ನಿನ್ನ ಆರೋಗ್ಯ ನೋಡಿಕೋ.

ನಿನ್ನ
ಬಸವಲಿಂಗಪ್ಪ

ಬರೆಯಲು ಮರೆತಿದ್ದೆ: ಯಾವ ಗಾಡಿಗೆ ಬರುತ್ತೀಯೆಂದು ನನಗಷ್ಟೇ ತಿಳಿಸು. ವೈಜನಾಥ ತಾನೂ ಸ್ಟೇಷನ್ನಿಗೆ ಬರುತ್ತೇನೆ ಎನ್ನುತ್ತಿದ್ದಾನೆ. ಲಹರಿ ನಿನಗೆ ಓದಿ ತೋರಿಸುವಾಗ ಪಕ್ಕದಲ್ಲಿ ನಾನೊಬ್ಬನೇ ನಿಂತಿರಬೇಕು.